ಕೊಡದೆ ಉಳಿದ ಕಿಡ್ನಿ

ಡೋಣಿ ನೆರಳೂರು, ಕಪ್ಪತಗುಡ್ಡದ ಬುಡ
ಬಿಡುತಿಂಗಳ ಒಂಬತ್ತನೆಯ ದಿನ, ಇಸವಿ ೨೧೭೪

ನೂರೈವತ್ತು ವರ್ಷ ಹಿಂದಿರುವ ನಿಮಗೆಲ್ಲ ಫಕೀರವ್ವ ಸೊರಟೂರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖನ್ನು ನಿಮ್ಮ ಕ್ಯಾಲೆಂಡರಿನಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಏಪ್ರಿಲ್ಲಿನ ಕೊನೆಯ ಹನ್ನೆರಡು ದಿನಗಳನ್ನೂ ಮೇ ತಿಂಗಳಿನ ಮೊದಲ ಹನ್ನೆರಡು ದಿನಗಳನ್ನೂ ಕತ್ತರಿಸಿ ಜೋಡಿಸಿ ನನ್ನ ಮುತ್ತಜ್ಜಿಯ ಕಾಲದಲ್ಲಿ ಈ ತಿಂಗಳನ್ನು ಮಾಡಿದರು. ಈ ಇಪ್ಪತ್ನಾಲ್ಕು ದಿನ ಯಾರೂ ಬಯಲಿನಲ್ಲಿ ದುಡಿಯುವಂತಿಲ್ಲ. ಶಾಲೆಯಿಲ್ಲ, ಸಂತೆಯಿಲ್ಲ, ಮದುವೆಗಳಿಲ್ಲ. ಹಾಗಾಗಿ ಪತ್ರ ಬರೆಯಲು ಪುರುಸೊತ್ತು ಸಿಕ್ಕಿದೆ. ನನ್ನ ಬರವಣಿಗೆಯಲ್ಲಿ ನೀವು ಕೇಳದ ಪದಗಳು ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಬಂದಲ್ಲೇ ಅರ್ಥ ಹೇಳಿ ಮುಂದೆ ಹೋಗುತ್ತೇನೆ. ಎಲ್ಲವೂ ಬದಲಾಗಿದೆ ಎಂದೇನೂ ತಿಳಿಯಬೇಡಿ. ರೊಟ್ಟಿಗೆ ನಾವು ಇನ್ನೂ ರೊಟ್ಟಿ ಎಂದೇ ಹೇಳುತ್ತೇವೆ, ಕಿಡ್ನಿಗೆ ಕಿಡ್ನಿ ಎಂದೇ ಹೇಳುತ್ತೇವೆ.

ನೆರಳೂರು ಎಂದರೆ ಮೇಲೆ ಪೂರ್ತಿ ಚಪ್ಪರ ಹೊದಿಸಿದ ಊರು. ಬೀದಿ, ಬಾವಿಕಟ್ಟೆ, ಗುಡಿ, ದರ್ಗಾ ಎಲ್ಲವೂ ಚಪ್ಪರದ ಕೆಳಗೆ. ಬೆಳಗಿನ ಜಾವ ಗುಡ್ಡದ ಮೇಲೆ ಕಟ್ಟಿದ ಬಲೆಗಳಲ್ಲಿ ಗಾಳಿಯ ತೇವ ಹನಿಯಾಗಿ ಇಳಿದು ಕೊಳವೆಗೆ ಬರುತ್ತದೆ. ಅದೇ ಮಂಜುನೀರು, ನಮ್ಮ ಕುಡಿಯುವ ನೀರು. ಬಿಸಿಲು ಹೆಚ್ಚಾದ ಈ ನಾಡಿನಲ್ಲಿ ಮೊದಲು ಸೋಲುವ ಅಂಗ ಕಿಡ್ನಿ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಹುಟ್ಟುಹಬ್ಬದ ದಿನ ದವಾಖಾನೆಗೆ ಹೋಗಿ ರಕ್ತ, ಮೂತ್ರ ಕೊಟ್ಟು ಸೋಸಂಕ ತಿಳಿದುಕೊಂಡು ಬರುತ್ತಾರೆ. ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎನ್ನುವ ಅಂಕಿಯೇ ಸೋಸಂಕ. ನೂರರ ಆಸುಪಾಸು ಇದ್ದರೆ ಕ್ಷೇಮ, ಹದಿನೈದಕ್ಕಿಂತ ಕೆಳಗಿಳಿದರೆ ರಕ್ತ ಸೋಸುವ ಯಂತ್ರದ ಪಾಲು. ಜಾತ್ರೆಯಲ್ಲಿ ಎದುರು ಸಿಕ್ಕವರು ಮಕ್ಕಳು ಹೇಗಿದ್ದಾರೆ ಎಂದು ಕೇಳಿದ ಮೇಲೆ ಕೇಳುವ ಎರಡನೆಯ ಪ್ರಶ್ನೆ ಅದರದೇ. ಬೆಳೆಸಿದ ಕಿಡ್ನಿಗಳು ನಮ್ಮ ಕಾಲಕ್ಕೆ ಅಂಗಡಿಯಲ್ಲಿ ಸಿಗುತ್ತವೆಂದು ನೀವು ಅಂದುಕೊಂಡಿರಬಹುದು. ಬೆಳೆಸುತ್ತಾರೆ, ಆದರೆ ಅವು ಎರಡನೆಯ ವರ್ಷಕ್ಕೆ ಸೋಲುತ್ತವೆ. ಮನುಷ್ಯರಿಗೆ ಮನುಷ್ಯರೇ ಕೊಡುವುದು ಇನ್ನೂ ನಡೆದಿದೆ.

ನನ್ನ ಗಂಡ ಅಂದಾನಪ್ಪ ಗಾಳಿಕಂಬದ ಕೆಲಸದವರು. ಗುಡ್ಡದ ಮೇಲಿನ ಕಂಬಗಳ ನೆತ್ತಿಗೆ ತೊಟ್ಟಿಲಲ್ಲಿ ಏರಿ ರೆಕ್ಕೆಗಳ ಬಿರುಕು ಹುಡುಕುವುದು ಅವರ ಉದ್ಯೋಗ. ಮದುವೆಯಾದ ಹೊಸತರಲ್ಲಿ ಮೇಲಿನಿಂದಲೇ ನಮ್ಮ ಮನೆಯ ಚಪ್ಪರಕ್ಕೆ ಕನ್ನಡಿಯ ಬೆಳಕು ಬಿಟ್ಟು ಊಟಕ್ಕೆ ಬರುತ್ತೇನೆಂದು ತಿಳಿಸುತ್ತಿದ್ದರು. ಆ ತೊಟ್ಟಿಲು ನೂರು ಕಿಲೋ ದಾಟಿದವರನ್ನು ಹೊರುವುದಿಲ್ಲ. ನಲವತ್ತೊಂದನೆಯ ವಯಸ್ಸಿಗೆ ಇವರ ತೂಕ ನೂರಾ ನಾಲ್ಕಾಯಿತು, ಕೆಳಗಿನ ಕೋಣೆಯಲ್ಲಿ ಪರದೆ ನೋಡುವ ಕೆಲಸಕ್ಕೆ ಕೂರಿಸಿದರು. ಕುಳಿತ ಮೇಲೆ ತೂಕ ಇನ್ನೂ ಏರಿತು. ಸಕ್ಕರೆ ಕಾಯಿಲೆ ಬಂತು, ರಕ್ತದೊತ್ತಡ ಬಂತು. ಹಸಿವಿಳಿಕೆ ಹಚ್ಚಿ ನೋಡಿದರು. ನೀವು ಹೊಟ್ಟೆಗೆ ಚುಚ್ಚಿಕೊಳ್ಳುವ ತೂಕದ ಇಂಜೆಕ್ಷನ್ನೇ ಈಗ ತೋಳಿಗೆ ಅಂಟಿಸುವ ಪಟ್ಟಿಯಾಗಿದೆ, ಅದಕ್ಕೆ ಈ ಹೆಸರು. ಬಹಳ ಮಂದಿಗೆ ಅದರಿಂದ ಗುಣವಾಗುತ್ತದೆ. ಇವರಿಗೆ ಎರಡು ವರ್ಷ ಗುಣ ಕಂಡು ಆಮೇಲೆ ನಿಂತುಹೋಯಿತು. ನಲವತ್ತೊಂಬತ್ತು ತುಂಬಿದಾಗ ತೂಕ ನೂರಾ ಮೂವತ್ತೆಂಟು, ಸೋಸಂಕ ಇಪ್ಪತ್ತೆರಡು. ವರ್ಷಕ್ಕೆ ಐದಾರು ಅಂಕ ಇಳಿಯುತ್ತಿತ್ತು. ಲೆಕ್ಕ ಹಾಕಲು ಯಾವ ವಿದ್ಯೆಯೂ ಬೇಕಿರಲಿಲ್ಲ.

ಗದಗಿನ ದವಾಖಾನೆಯಲ್ಲಿ ನಮ್ಮನ್ನು ನೋಡುತ್ತಿದ್ದವರು ಕಿಡ್ನಿಯ ಡಾಕ್ಟರು ತಸ್ನೀಮ್ ನದಾಫ್. ಸಣ್ಣ ದನಿಯವರು, ಸುತ್ತು ಬಳಸಿ ಮಾತಾಡುವವರಲ್ಲ. ಅವತ್ತು ಇವರ ಅಂಕಿ ಹೇಳಿ ಮುಗಿಸುವ ಮೊದಲೇ ನಾನು ಬಾಯಿ ಹಾಕಿದೆ.

"ನಂದೊಂದು ತಗೋರಿ ಡಾಕ್ಟ್ರ. ಎರಡದಾವಲ್ಲ. ನಂದು ನೂರಾ ಇಪ್ಪತ್ತಾರು ಐತಿ."

ನನ್ನ ಸೋಸಂಕದ ಬಗ್ಗೆ ನನಗೆ ಜಂಬವಿತ್ತು. ನೂರಕ್ಕಿಂತ ಹೆಚ್ಚಿದ್ದರೆ ಇನ್ನೂ ಒಳ್ಳೆಯದೆಂದು ತಿಳಿದಿದ್ದೆ. ಡಾಕ್ಟರು ನನ್ನ ತೂಕ ಕೇಳಿದರು. ನೂರಾ ಒಂಬತ್ತು ಎಂದೆ.

"ಫಕೀರವ್ವ, ಆ ನೂರಾ ಇಪ್ಪತ್ತಾರು ಆರೋಗ್ಯದ ಅಂಕಿ ಅಲ್ಲ, ದಣಿವಿನದು. ನಿಮ್ಮ ಎರಡು ಕಿಡ್ನಿ ಸೇರಿ ಈಗ ಮೂರರ ಕೆಲಸ ಮಾಡಾಕತ್ತಾವ. ಅದ್ರಾಗ ಒಂದು ತಗದು, ಉಳಿದ ಒಂದರ ಮ್ಯಾಲೆ ಇಷ್ಟೂ ಭಾರ ಹೊರಿಸಿದ್ರ, ಮುಂದ ಒಂದಿನ ನೀವೂ ಇದ ಕುರ್ಚಿಗೆ ಬರ್ತೀರಿ. ಒಬ್ಬರನ್ನ ಉಳಸಾಕ ಇನ್ನೊಬ್ಬರನ್ನ ಕೆಡಸೂದು ನನ್ನಿಂದ ಆಗೂದಿಲ್ಲ."

ಇವರಿಗೂ ಅದೇ ಮಾತು. ಇಷ್ಟು ತೂಕದ ಹೊಟ್ಟೆಯಲ್ಲಿ ಹೊಸ ಕಿಡ್ನಿ ಕೂರಿಸಿದರೆ ಗಾಯ ಮಾಯುವುದು ಕಷ್ಟ, ಕಿಡ್ನಿ ನಿಲ್ಲುವುದೂ ಕಷ್ಟ. ಕೊಡುವವಳೂ ತಗೊಳ್ಳುವವರೂ ಇಬ್ಬರೂ ಇಳಿಯಬೇಕು. ಹೊಟ್ಟೆಯನ್ನು ಸಣ್ಣದು ಮಾಡುವ ಆಪರೇಷನ್ ಇದೆ, ಅದನ್ನು ಯೋಚಿಸಿ ಎಂದರು. ನಿಮ್ಮ ಕಾಲದಿಂದ ಬಂದದ್ದೇ ಅದು, ಹೆಚ್ಚು ಬದಲಾಗಿಲ್ಲ.

ಮನೆಗೆ ಬರುವ ದಾರಿಯಲ್ಲಿ ಇವರು ತಾವಾಗಿ ಆಡಿದ್ದು ಒಂದೇ ಮಾತು. "ಚಲೋ ಇರೋ ಹೊಟ್ಟಿ ಕೊಯ್ಸಿಕೊಳ್ಳೂದು ಅಂದ್ರ ಏನು? ನಾ ಒಲ್ಲೆ."

"ನೀವು ಒಲ್ಲೆ ಅನ್ರಿ. ನಾ ಮಾಡಿಸ್ಕೋತೀನಿ," ಎಂದೆ.

"ನನ್ನ ಸಲುವಾಗಿ ನೀ ಕೊಯ್ಸಿಕೊಳ್ಳಬ್ಯಾಡ."

"ನಿಮ್ಮ ಸಲುವಾಗಿ ಅಂತ ಯಾರಂದ್ರು. ನನ್ನ ಕಿಡ್ನಿ ದಣದಾವಂತ, ಅವುಗಳ ಸಲುವಾಗಿ."

ಇಬ್ಬರಿಗೂ ಅದು ಸುಳ್ಳೆಂದು ಗೊತ್ತಿತ್ತು. ಎಂಟು ದಿನ ಇವರು ಮಾತು ಬಿಟ್ಟರು. ಒಂಬತ್ತನೆಯ ದಿನ ದವಾಖಾನೆಗೆ ಹೊರಟಾಗ ನನ್ನ ಚೀಲ ಹೊತ್ತುಕೊಂಡು ಬಂದರು.

ಹೊಟ್ಟೆಯ ಮುಕ್ಕಾಲು ಭಾಗ ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ದಪ್ಪದ ಕೊಳವೆಯಂತೆ ಬಿಡುತ್ತಾರೆ. ನಿಮ್ಮಲ್ಲಿ ಯಾರಾದರೂ ಮಾಡಿಸಿಕೊಂಡಿದ್ದರೆ ಅದರ ಮೊದಲ ದಿನಗಳನ್ನು ನಾನು ವಿವರಿಸಬೇಕಿಲ್ಲ. ನೀರಿಗೆ ಕೂಡ ಹೊಟ್ಟೆಯಲ್ಲಿ ಜಾಗ ಇರುವುದಿಲ್ಲ. ಲೋಟ ಎತ್ತಿ ಗಟಗಟ ಕುಡಿಯುವ ಸುಖ ಮುಗಿದುಹೋಯಿತು. ಎರಡು ವಾರ ತಿಳಿಯಾದ ಸಾರು, ಮಜ್ಜಿಗೆ, ಬೇಳೆಯ ಕಟ್ಟು. ಆಮೇಲೆ ನುಣ್ಣಗೆ ಹಿಸುಕಿದ ಅನ್ನ. ನಾನು ಒಂದು ಬಟ್ಟಲು ಮುಗಿಸುವಷ್ಟರಲ್ಲಿ ಇವರು ನಾಲ್ಕು ರೊಟ್ಟಿ, ಎಣ್ಣೆಗಾಯಿ ಪಲ್ಯ, ಮೇಲೆ ಶೇಂಗಾ ಹಿಂಡಿ ಮುಗಿಸಿ ಕೈ ತೊಳೆದು ಬರುತ್ತಿದ್ದರು. ಬಂದು ನನ್ನ ಬಟ್ಟಲು ನೋಡಿ ಏನೋ ತಪ್ಪು ಮಾಡಿದವರಂತೆ ಹೊರಗೆ ಹೋಗುತ್ತಿದ್ದರು. ಕ್ರಮೇಣ ಅವರ ತಟ್ಟೆಯೂ ಸಣ್ಣದಾಯಿತು. ನಾನು ಹೇಳಿರಲಿಲ್ಲ.

ಮೂರನೆಯ ವಾರಕ್ಕೆ ಬಿಡುತಿಂಗಳು ಶುರುವಾಯಿತು. ಚಪ್ಪರದ ಕೆಳಗೂ ಗಾಳಿ ಕಾದ ಹಂಚಿನಂತೆ ಬರುವ ದಿನಗಳು. ಒಂದು ಮಧ್ಯಾಹ್ನ ಆತುರಪಟ್ಟು ದೊಡ್ಡ ತುತ್ತು ನುಂಗಿದೆ, ಅದು ಎದೆಯಲ್ಲಿ ನಿಂತಿತು. ವಾಂತಿ ಶುರುವಾದದ್ದು ಎರಡು ದಿನ ನಿಲ್ಲಲಿಲ್ಲ. ಗುಟುಕು ನೀರೂ ನಿಲ್ಲದಾಯಿತು. ಜೊತೆಗೆ ಬೆನ್ನು ಹಿಡಿದುಕೊಂಡಿತ್ತು. ಪಕ್ಕದ ಮನೆಯ ಶಿವಕ್ಕ ತನ್ನ ಮೊಣಕಾಲು ನೋವಿನ ಮಾತ್ರೆ ಕೊಟ್ಟಳು, ಎರಡು ನುಂಗಿದೆ. ಡಾಕ್ಟರು ಯಾವ ಮಾತ್ರೆಗಳ ಹೆಸರು ಹೇಳಿ ಮುಟ್ಟಲೇಬೇಡಿ ಎಂದಿದ್ದರೋ ಅದರಲ್ಲೊಂದು ಅದು. ನೋವಿನಲ್ಲಿ ಮರೆತೆ. ಮೂರನೆಯ ದಿನ ಎದ್ದು ನಿಂತಾಗ ಕಣ್ಣಿಗೆ ಕತ್ತಲೆ ಬಂತು. ಬೆಳಗಿನಿಂದ ಮೂತ್ರವೇ ಆಗಿಲ್ಲ ಎಂಬುದು ಆಗ ನೆನಪಾಯಿತು.

ಗದಗಿಗೆ ಹೋಗುವ ನೆರಳುಬಂಡಿಯಲ್ಲಿ, ಅಂದರೆ ಬಿಸಿಲು ತಾಗದಂತೆ ಮುಚ್ಚಿದ ಬಂಡಿಯಲ್ಲಿ, ಇವರು ನನ್ನ ಕೈ ಬಿಡಲಿಲ್ಲ. ನನ್ನ ಸೋಸಂಕ ಮೂವತ್ತೆಂಟಕ್ಕೆ ಬಿದ್ದಿತ್ತು. ಗಂಡನಿಗೆ ಕೊಡಲೆಂದು ಕಾಯ್ದಿಟ್ಟ ಕಿಡ್ನಿಯನ್ನು ನಾನೇ ಎರಡು ದಿನದಲ್ಲಿ ಒಣಗಿಸಿದ್ದೆ. ಡಾಕ್ಟರು ತಸ್ನೀಮ್ ಬಂದರು, ನರಕ್ಕೆ ನೀರು ಹರಿಸಿದರು. ಮಾತ್ರೆಯ ವಿಷಯ ಕೇಳಿ ಬರೆದುಕೊಂಡರು.

"ನಾ ನಿಮ್ಮನ್ನ ಬಯ್ಯೂದಿಲ್ಲ. ನಿಮಗ ಆಪರೇಷನ್ ಆದ ಮ್ಯಾಲೆ ನೀರ ಔಷಧ. ಅದನ್ನ ನಾ ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು," ಎಂದರು.

"ಮದಲಿನಂಗ ಆಗ್ತಾವನ್ರಿ?" ಎಂದು ಇವರು ಕೇಳಿದರು. ಅದುವರೆಗೆ ಆ ಕೋಣೆಯಲ್ಲಿ ತಮ್ಮ ಕಿಡ್ನಿಯ ಬಗ್ಗೆಯೂ ಅವರು ಒಂದು ಪ್ರಶ್ನೆ ಕೇಳಿದವರಲ್ಲ.

"ನಾಕು ದಿನ ನೋಡೂಣು. ಆಗ್ತಾವ ಅನಸ್ತೈತಿ."

ಆ ನಾಲ್ಕು ದಿನ ಅಂದಾನಪ್ಪ ನನ್ನ ಮಂಚದ ಪಕ್ಕದ ಸ್ಟೂಲಿನಲ್ಲಿ ಕುಳಿತರು. ವಾಂತಿ ನಿಂತ ಮೇಲೆ ಐದು ನಿಮಿಷಕ್ಕೊಮ್ಮೆ ಒಂದು ಚಮಚ ನೀರು. ಗಡಿಯಾರ ನೋಡುವುದು, ಚಮಚ ತುಂಬುವುದು, ಬಾಯಿಗೆ ಹಿಡಿಯುವುದು. ಕಂಬದ ನೆತ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಹುಡುಕುತ್ತಿದ್ದ ಮನುಷ್ಯ. ಆ ಎಚ್ಚರಿಕೆಯನ್ನು ಎಂಟು ವರ್ಷ ಎಲ್ಲಿ ಇಟ್ಟಿದ್ದರೋ, ಅಷ್ಟನ್ನೂ ಆ ಚಮಚಕ್ಕೆ ಹಾಕಿದರು. ಐದನೆಯ ದಿನ ನನ್ನ ಅಂಕಿ ಎಪ್ಪತ್ತೊಂದಕ್ಕೆ ಬಂತು. ತಿಂಗಳು ಕಳೆದ ಮೇಲೆ ತೊಂಬತ್ತೆಂಟಕ್ಕೆ ನಿಂತಿತು. ನೂರಾ ಇಪ್ಪತ್ತಾರು ಮತ್ತೆ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ, ದಣಿವು ಇಳಿದಿತ್ತು.

ಮನೆಗೆ ಬಂದ ವಾರ ರೊಟ್ಟಿ ಬಡಿಯುತ್ತಿದ್ದೆ. ಇವರು ಬಾಗಿಲಿಗೆ ಒರಗಿ ನಿಂತು, "ನೀ ನಂಗ ಕೊಡಾಕ ಇಷ್ಟು ಮಾಡಿದಿ. ನಾ ತಗೋಳಾಕರ ತಯಾರಾಗಬೇಕಲ್ಲ," ಎಂದರು. ನಾನು ತಿರುಗಿ ನೋಡಲಿಲ್ಲ. ನೋಡಿದರೆ ಮಾತು ಬದಲಿಸುತ್ತಾರೆಂದು ಹೆದರಿಕೆಯಿತ್ತು.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ. ಸೋಸಂಕ ಇಪ್ಪತ್ತರ ಹತ್ತಿರ ಇರುವವರಿಗೆ ಈ ಆಪರೇಷನ್ ಸುಲಭದ್ದಲ್ಲ. ನನ್ನ ಒಳ್ಳೆಯ ಕಿಡ್ನಿಗಳೇ ಎರಡು ದಿನದ ವಾಂತಿಗೆ ಅಷ್ಟು ಕೆಳಗೆ ಬಿದ್ದವು. ಇವರದು ಬಿದ್ದರೆ ಏಳದೆ ಇರಬಹುದಿತ್ತು. ಹೊಟ್ಟೆಯ ಆಪರೇಷನ್ ಮಾಡುವ ಡಾಕ್ಟರು ಹಿಂದೆಮುಂದೆ ನೋಡಿದರು. ಆಗ ತಸ್ನೀಮ್ ಅವರು ನಮ್ಮನ್ನು ಕೂರಿಸಿಕೊಂಡು ಒಂದು ಹಳೆಯ ದಾಖಲೆ ತೆರೆದರು. ನಿಮ್ಮ ಕಾಲದಲ್ಲಿ, ಈ ಆಪರೇಷನ್ ಮಾಡಿಸಿಕೊಂಡ ಸಾಮಾನ್ಯ ಜನರು ವರ್ಷ ವರ್ಷ ಬಂದು ರಕ್ತ, ಮೂತ್ರ ಕೊಟ್ಟು ಹೋದ ಪಟ್ಟಿ. ಹೆಸರುಗಳಿರಲಿಲ್ಲ, ಕ್ರಮಸಂಖ್ಯೆ ಮಾತ್ರ. ಮೂತ್ರದಲ್ಲಿ ಸೋರುತ್ತಿದ್ದ ಪ್ರೋಟೀನು ಹಲವರಿಗೆ ಮೊದಲ ವರ್ಷದಲ್ಲೇ ಕಡಿಮೆಯಾದದ್ದು ಅಲ್ಲಿ ಕಾಣುತ್ತಿತ್ತು. ಕೆಲವರಿಗೆ ಏನೂ ಆಗಲಿಲ್ಲ ಎನ್ನುವುದೂ ಕಾಣುತ್ತಿತ್ತು. ಕರುಳನ್ನು ಸುತ್ತಿಸಿ ಜೋಡಿಸುವ ಇನ್ನೊಂದು ಬಗೆಯ ಆಪರೇಷನ್ನಿನವರಲ್ಲಿ ಕಿಡ್ನಿಯ ಕಲ್ಲು ಹೆಚ್ಚು ಎಂದೂ ಬರೆದಿತ್ತು. ಅದನ್ನು ನೋಡಿಯೇ ನನಗೆ ಮಾಡಿದ ಬಗೆಯನ್ನೇ ಇವರಿಗೂ ಆರಿಸಿದರು.

"ಹತ್ತು ವರ್ಷ ಆದ ಮ್ಯಾಲೆ ಏನಾಗ್ತೈತ್ರಿ?" ಎಂದು ಇವರು ಕೇಳಿದರು.

ಡಾಕ್ಟರು ಹಾಳೆ ಸರಿಸಿದರು. ಐದನೆಯ ವರ್ಷಕ್ಕೆ ಅರ್ಧ ಜನ. ಎಂಟನೆಯ ವರ್ಷಕ್ಕೆ ಅಲ್ಲೊಬ್ಬರು ಇಲ್ಲೊಬ್ಬರು. ಹತ್ತರ ಮೇಲೆ ಬರೀ ಗೆರೆಗಳು.

"ಇದರ ಮುಂದ ನಂಗೊತ್ತಿಲ್ಲ ಅಂದಾನಪ್ಪಾರ. ಮಂದಿ ಆರಾಮಾದ್ರು, ಬರೂದು ಬಿಟ್ರು. ಖಾಲಿ ಹಾಳಿ ನೋಡಿ ನಾ ಧೈರ್ಯ ಹೇಳಾಕ ಬರೂದಿಲ್ಲ."

ಇವರು ಆ ಗೆರೆಗಳಿಂದ ಎಂಟನೆಯ ವರ್ಷದವರೆಗೆ ಬೆರಳಿಟ್ಟು ಹಿಂದೆ ಬಂದರು. ಆಮೇಲೆ, "ಎಂಟು ವರ್ಷರ ಐತಲ್ರಿ. ನಂಗ ಯಂತ್ರಕ್ಕ ಹೋಗಾಕ ಎರಡ ವರ್ಷ ಅಂದಿದ್ರಿ," ಎಂದರು.

ನನ್ನದಾದ ನಾಲ್ಕು ತಿಂಗಳಿಗೆ ಇವರದಾಯಿತು. ಆಪರೇಷನ್ನಿನ ಮುಂಚಿನ ದಿನವೇ ಮಾತ್ರೆಗಳನ್ನೆಲ್ಲ ತೂಗಿ ಕಡಿಮೆ ಮಾಡಿದರು. ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರು. ಈ ಸಲ ಸ್ಟೂಲಿನ ಮೇಲೆ ನಾನು, ಚಮಚವೂ ನನ್ನ ಕೈಯಲ್ಲಿ. ನೀರು ಬೇಡವೆಂದು ಮುಖ ತಿರುಗಿಸಿದರೆ ನಾನು ಬಾಯಿ ಮುಂದೆ ಚಮಚ ಹಿಡಿದೇ ಕೂರುತ್ತಿದ್ದೆ. ಎರಡನೆಯ ದಿನ ಅಂಕಿ ಹದಿನೇಳಕ್ಕೆ ಇಳಿಯಿತು. ಯಂತ್ರದ ಕೋಣೆಯವರು ಬಂದು ಇವರ ಹೆಸರು ಬರೆದುಕೊಂಡು ಹೋದರು. ಮೂರನೆಯ ದಿನ ಹದಿನೇಳು. ನಾಲ್ಕನೆಯ ದಿನ ಹತ್ತೊಂಬತ್ತು. ತಸ್ನೀಮ್ ಅವರು ಬಾಗಿಲಲ್ಲೇ ನಿಂತು ಎರಡು ಬೆರಳು ಎತ್ತಿ ತೋರಿಸಿದರು, ಎರಡು ಅಂಕ ಏರಿದೆ ಎಂದು. ನಾನು ಚಮಚ ಕೆಳಗಿಟ್ಟು ಆ ದಿನ ಮೊದಲ ಸಲ ಊಟ ಮಾಡಿದೆ, ಅರ್ಧ ಬಟ್ಟಲು.

ಮುಂದಿನ ಹತ್ತು ತಿಂಗಳು ನಮ್ಮ ಮನೆ ಚಿಕ್ಕ ಮಕ್ಕಳ ಆಟದ ಮನೆಯಂತಿತ್ತು. ಅಂಗೈಯಗಲದ ರೊಟ್ಟಿ, ಬೊಗಸೆಯಷ್ಟು ಪಲ್ಯ, ಮೊದಲು ಕಾಳು ಆಮೇಲೆ ಅನ್ನ. ಊಟದ ಜೊತೆ ನೀರಿಲ್ಲ, ಊಟ ಬಿಟ್ಟ ಹೊತ್ತೆಲ್ಲ ನೀರು. ಇಬ್ಬರ ಸೊಂಟಕ್ಕೂ ಒಂದೊಂದು ತಂಬಿಗೆ. ಹೆಚ್ಚಾದ ಜೋಳವನ್ನು ಶಿವಕ್ಕನಿಗೆ ಕೊಟ್ಟೆ. ನನ್ನ ಸೀರೆಗಳು ಇನ್ನೊಂದು ಸುತ್ತು ಬರತೊಡಗಿದವು. ಇವರು ಸಂಜೆ ಚಪ್ಪರದ ತುದಿಯವರೆಗೆ ನಡೆದು ಗಾಳಿಕಂಬಗಳನ್ನು ನೋಡಿ ಬರುತ್ತಿದ್ದರು. ತೂಕ ತೊಂಬತ್ತಾರಕ್ಕೆ ಬಂದ ದಿನ ಯಾರಿಗೂ ಹೇಳದೆ ಹೋಗಿ ತೊಟ್ಟಿಲಲ್ಲಿ ನಿಂತರಂತೆ. ಅದು ಏರಿತು. ಅಂಗಳದಲ್ಲಿ ಬೇಳೆ ಆರಿಸುತ್ತಿದ್ದ ನನ್ನ ಮೊರದ ಮೇಲೆ ಚಪ್ಪರದ ಸಂದಿಯಿಂದ ಬೆಳಕಿನ ಚುಕ್ಕೆಯೊಂದು ಬಂದು ಕುಣಿಯಿತು. ಒಂಬತ್ತು ವರ್ಷದ ಮೇಲೆ.

ನನ್ನ ಆಪರೇಷನ್ನಾಗಿ ಹದಿನಾಲ್ಕು ತಿಂಗಳಿಗೆ ತಸ್ನೀಮ್ ಅವರು ಇಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಎರಡು ಕಾಗದ. ಒಂದು ನನ್ನದು. ತೂಕ ಎಪ್ಪತ್ತಮೂರು, ಸೋಸಂಕ ತೊಂಬತ್ತೆಂಟು, ಸಕ್ಕರೆಯಿಲ್ಲ, ಒತ್ತಡವಿಲ್ಲ. ಕಿಡ್ನಿ ಕೊಡಲು ಯೋಗ್ಯಳು ಎಂದು ಅಂಗದಾನದ ಸಮಿತಿಯ ಮುದ್ರೆ. ಇನ್ನೊಂದು ಇವರದು.

"ಫಕೀರವ್ವ, ನೀವು ಪಾಸಾದ್ರಿ," ಎಂದರು. "ಆದ್ರ ನಿಮ್ಮ ಕಿಡ್ನಿ ಈಗ ಬೇಕಾಗಿಲ್ಲ. ಇವರ ಅಂಕಿ ಇಪ್ಪತ್ತಾರಕ್ಕ ಬಂದು ಆರು ತಿಂಗಳಾತು, ಅಲ್ಲೇ ನಿಂತೈತಿ. ತೂಕದ ಜೋಡಿ ಮಾಂಸಖಂಡ ಕರಗಿದ್ರ ಒಮ್ಮೊಮ್ಮೆ ಅಂಕಿ ಸುಳ್ಳ ಹೇಳ್ತೈತಿ, ಅದಕ್ಕ ಬ್ಯಾರೆ ಬಗೆಯಿಂದನೂ ಅಳದು ನೋಡೀನಿ. ಖರೇನ ಐತಿ. ಪ್ರೋಟೀನು ಸೋರೂದು ಐದರಾಗ ಒಂದು ಪಾಲಕ್ಕ ಇಳದೈತಿ. ಕಿಡ್ನಿ ಹೊಸಾವು ಆಗ್ಯಾವ ಅಂತ ತಿಳೀಬ್ಯಾಡ್ರಿ. ಹೋದದ್ದು ಹೋತು. ಇದ್ದದ್ದು ಉಳದೈತಿ."

ನಾನು ನಗಬೇಕಿತ್ತು. ಎದ್ದು ಹೊರಗಿನ ಬೆಂಚಿಗೆ ಹೋಗಿ ಕುಳಿತು ಅತ್ತೆ. ಹದಿನಾಲ್ಕು ತಿಂಗಳು ಕೊಡಲಿದ್ದ ಎಡಗಡೆಯ ಕಿಡ್ನಿಯನ್ನು ಬೇರೆಯವರ ವಸ್ತುವಿನಂತೆ ಜೋಪಾನ ಮಾಡಿದ್ದೆ. ಗುಟುಕು ಗುಟುಕಾಗಿ ನೀರು ಕುಡಿದಾಗೆಲ್ಲ ಅದಕ್ಕೇ ಕುಡಿಸುತ್ತಿದ್ದೇನೆ ಎಂದುಕೊಂಡಿದ್ದೆ. ಈಗ ಬೇಡವೆಂದರೆ ಏನು ಮಾಡಲಿ ಎಂದು ತಿಳಿಯಲಿಲ್ಲ. ಇವರು ಬಂದು ಪಕ್ಕದಲ್ಲಿ ಕುಳಿತರು. ಆ ಬೆಂಚಿನಲ್ಲಿ ಮೊದಲು ನಾವಿಬ್ಬರೂ ಒಟ್ಟಿಗೆ ಹಿಡಿಯುತ್ತಿರಲಿಲ್ಲ.

"ಯಾಕ ಅಳತೀ? ನಾ ಉಳದೆ ಅಂತನಾ?"

"ಹಂಗಲ್ರಿ."

"ಮತ್ತ?"

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅವರೇ ಹೇಳಿದರು. "ಅದು ನಂದ ಅಂತ ತಿಳಕೊಂಡೀನಿ. ನಿನ್ನ ಹತ್ರ ಇಟ್ಟೀನಿ ಅಷ್ಟ. ಚಲೋ ನೋಡ್ಕೋ." ನನಗೆ ಅಳುವಿನ ನಡುವೆ ನಗು ಬಂತು. ಅವತ್ತು ಸಂಜೆ ಗದಗಿನ ಸಂತೆಯಲ್ಲಿ ಒಂದು ಮಿರ್ಚಿ ಕೊಂಡು ಎರಡು ತುಂಡು ಮಾಡಿ ತಿಂದೆವು. ಅರ್ಧ ಉಳಿಯಿತು.

ಅದೆಲ್ಲ ನಡೆದು ಈಗ ಹನ್ನೊಂದು ವರ್ಷ. ಇವರಿಗೆ ಅರವತ್ತೊಂದು, ನನಗೆ ಐವತ್ತೇಳು. ತೂಕ ಇಬ್ಬರಿಗೂ ನಾಲ್ಕಾರು ಕಿಲೋ ಮರಳಿ ಬಂದಿದೆ. ಕೂದಲು ಉದುರಿದೆ, ದಿನವೂ ವಿಟಮಿನ್ನಿನ ಮಾತ್ರೆ ನುಂಗುವುದು ತಪ್ಪಿಲ್ಲ. ನನಗೊಮ್ಮೆ ಸಣ್ಣ ಕಲ್ಲು ಕಾಣಿಸಿಕೊಂಡು ತಾನಾಗಿಯೇ ಇಳಿದುಹೋಯಿತು. ಇವರು ಕೆಲಸದಿಂದ ನಿವೃತ್ತರಾಗಿ ಹೊಸಬರಿಗೆ ಬಿರುಕು ಹುಡುಕುವುದನ್ನು ಕಲಿಸುತ್ತಾರೆ. ನಾವು ಸುಖವಾಗಿದ್ದೇವೆ ಎಂದು ಬರೆಯಲು ನನಗೆ ಯಾವ ಅಳುಕೂ ಇಲ್ಲ.

ನಿಮ್ಮಲ್ಲಿ ಈ ಆಪರೇಷನ್ ಆದವರಿಗೆ ನನ್ನದೊಂದು ಕೋರಿಕೆ. ವರ್ಷಕ್ಕೊಮ್ಮೆ ತಪಾಸಣೆಗೆ ಬನ್ನಿ ಎಂದು ನಿಮ್ಮನ್ನು ಕರೆಯುತ್ತಾರೆ. ಏಳನೆಯ ವರ್ಷವೋ ಒಂಬತ್ತನೆಯ ವರ್ಷವೋ, ನೀವು ಆರಾಮಾಗಿರುತ್ತೀರಿ, ಬಿಸಿಲು ಜೋರಿರುತ್ತದೆ, ಬಸ್ಸು ಹಿಡಿದು ಹೋಗಿ ಸಾಲಿನಲ್ಲಿ ನಿಂತು ಬಾಟಲಿ ತುಂಬಿಸಿ ಬರುವುದು ಯಾಕೆ ಎನ್ನಿಸುತ್ತದೆ. ಹೋಗಿ. ಗುಣ ಕಂಡವರೂ ಹೋಗಿ, ಕಾಣದವರೂ ಹೋಗಿ. ನೀವು ಕೊಟ್ಟು ಮರೆತ ಆ ಬಾಟಲಿಯನ್ನು ನಂಬಿಯೇ ನನ್ನ ಗಂಡ ಆಪರೇಷನ್ನಿನ ಮೇಜಿನ ಮೇಲೆ ಮಲಗಿದರು. ಇಷ್ಟನ್ನೂ ನಿಮ್ಮನ್ನು ದೂರಲು ಬರೆಯಲಿಲ್ಲ. ಬಂದಷ್ಟು ವರ್ಷ ಬಂದಿರಲ್ಲ, ಅದು ನಮಗೆ ಸಾಕಾಯಿತು.

ನಿಮ್ಮ ಪಟ್ಟಿಯ ಕೆಳಗೆ ತಸ್ನೀಮ್ ಅವರು ನಮ್ಮದನ್ನೂ ಸೇರಿಸಿದ್ದಾರೆ. ನಮ್ಮ ಹೆಸರೂ ಅಲ್ಲಿಲ್ಲ. ಹನ್ನೊಂದನೆಯ ವರ್ಷದ ಕಾಲಂ ಮೊನ್ನೆ ಬರೆಸಿ ಬಂದೆವು. ಇವರದು ಇಪ್ಪತ್ನಾಲ್ಕು, ನನ್ನದು ತೊಂಬತ್ತೊಂದು. ಆ ಜಾಗ ಇನ್ನು ಖಾಲಿಯಿಲ್ಲ.

ನೀರು ಕುಡಿಯುತ್ತಾ ಇರಿ. ನಿಮಗೆ ನಮ್ಮಿಬ್ಬರ ಶರಣು.

ಫಕೀರವ್ವ ಅಂದಾನಪ್ಪ ಸೊರಟೂರ